ಕಟ್ಟಿಗೆ ಬಾಯ್ಲರ್ ಮತ್ತು ಗ್ಯಾಸ್ ಗೀಸರ್ ಒಂದೇ ಕೋಣೆಯಲ್ಲಿ: ಸುತ್ತ ಎಷ್ಟು ಜಾಗ ಬಿಡಬೇಕು, ಗಾಳಿ ಎಲ್ಲಿಂದ ಕೊಡಬೇಕು?

ಗದ್ದೆಬದಿ, ಬ್ರಹ್ಮಾವರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಳೆ ಮನೆಯ ಬಚ್ಚಲಿನ ಹಂಚಿನ ಮಾಡು ತೆಗೆದು ಸ್ಲ್ಯಾಬ್ ಹಾಕಿಸಿ ಆಗಿದೆ. ಬಚ್ಚಲಿಗೆ ತಾಗಿಕೊಂಡು ಒಲೆಕೋಣೆ ಉಂಟು. 6 ಅಡಿ ಅಗಲ, 8 ಅಡಿ ಉದ್ದ, 9 ಅಡಿ ಎತ್ತರ. ಗೋಡೆ ಕೆಂಪುಕಲ್ಲಿನದ್ದು. ಒಳಗೆ 50 ಲೀಟರಿನ ತಾಮ್ರದ ಕಟ್ಟಿಗೆ ಬಾಯ್ಲರ್, ಅದರಿಂದ 4 ಇಂಚಿನ ಹೊಗೆ ಕೊಳವೆ ಗೋಡೆಯ ತೂತಿನಿಂದ ಅಡ್ಡಕ್ಕೆ ಹೊರಗೆ ಹೋಗುತ್ತದೆ, ಸ್ಲ್ಯಾಬಿಗಿಂತ ಮೇಲೆ ಏರಿಸಿಲ್ಲ. ಅದೇ ಕೋಣೆಯಲ್ಲಿ ಮಳೆಗಾಲಕ್ಕೆ ಬೇಕಾದ ಕಟ್ಟಿಗೆ, ತೆಂಗಿನ ಸಿಪ್ಪೆ, ಗೆರಟೆ, ವಾಷಿಂಗ್ ಮೆಷಿನ್, ಹುಲ್ಲು ಕತ್ತರಿಸುವ ಮೆಷಿನ್ನು, ಅದರ ಪೆಟ್ರೋಲ್ ಕ್ಯಾನ್. ಬಾಯ್ಲರಿನ ಮೇಲೆ ಬಟ್ಟೆ ಒಣಗಿಸುವ ಹಗ್ಗ. ಒಂದು ಬಾಗಿಲು ಅಡುಗೆಮನೆಗೆ, ಇನ್ನೊಂದು ಬಚ್ಚಲಿಗೆ. ಮೇಲೆ ಒಂದೂವರೆ ಅಡಿ ಅಗಲ, ಒಂದು ಅಡಿ ಎತ್ತರದ ವೆಂಟಿಲೇಟರ್, ಇರಿಚಲು ಬಾರದ ಹಾಗೆ ಜೂನಿನಿಂದ ಪ್ಲಾಸ್ಟಿಕ್ ಕಟ್ಟಿದ್ದೇವೆ.

ಈಗ ನಿಮಿಷಕ್ಕೆ 6 ಲೀಟರಿನ ಗ್ಯಾಸ್ ಗೀಸರ್ ತಂದಾಗಿದೆ. ಅದನ್ನೂ ಇಲ್ಲೇ ಕೂರಿಸಿ, ವೆಂಟಿಲೇಟರ್ ಜಾಗದಲ್ಲಿ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು ಎಂದು ಅಂಗಡಿಯವರು ಹೇಳಿದ್ದು. ಸಾಕಾ? ಬಾಯ್ಲರ್ ಸುತ್ತ ಎಷ್ಟು ಜಾಗ ಖಾಲಿ ಇರಬೇಕು? ದೀಪಾವಳಿಯ ಎಣ್ಣೆಸ್ನಾನಕ್ಕೆ ಮನೆಯಲ್ಲಿ ಎಂಟು ಜನ ಇರುತ್ತಾರೆ, ಅದರೊಳಗೆ ಕೆಲಸ ಮುಗಿಯಬೇಕು.

---

ಹಂಚಿನಮಾಡು, ಉಡುಪಿ

ಸಾಕಾಗುವುದಿಲ್ಲ ಮಾರಾಯ್ರೆ. ಗೀಸರ್ ಆ ಕೋಣೆಯೊಳಗೆ ಬೇಡವೇ ಬೇಡ. ಕಾರಣ ಹೇಳುತ್ತೇನೆ, ಲೆಕ್ಕ ಹಾಕಿ ನೋಡಿ.

ನಿಮ್ಮ ಕೋಣೆಯಲ್ಲಿ ಇರುವ ಗಾಳಿ ಒಟ್ಟು 432 ಘನ ಅಡಿ, ಅಂದರೆ ಸುಮಾರು 12 ಘನ ಮೀಟರ್. ಸಾಮಾನು ತುಂಬಿದ ಮೇಲೆ ಇನ್ನೂ ಕಡಿಮೆ. 6 ಲೀಟರಿನ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ 0.9 ಕಿಲೋದಷ್ಟು ಎಲ್‌ಪಿಜಿ ಉರಿಸುತ್ತದೆ. ಒಂದು ಕಿಲೋ ಎಲ್‌ಪಿಜಿ ಸರಿಯಾಗಿ ಉರಿಯಲು 13 ಘನ ಮೀಟರಿನಷ್ಟು ಗಾಳಿ ಬೇಕು. ಎಂದರೆ ಗೀಸರ್ ಒಂದು ಗಂಟೆಯಲ್ಲಿ ಕೋಣೆಯ ಇಡೀ ಗಾಳಿಯ ಆಮ್ಲಜನಕ ಮುಗಿಸುತ್ತದೆ. ಆದರೆ ಅಪಾಯ ಅಷ್ಟು ಹೊತ್ತು ಕಾಯುವುದಿಲ್ಲ. ಗಾಳಿಯಲ್ಲಿ 21 ಶೇಕಡ ಇರುವ ಆಮ್ಲಜನಕ 18ರ ಹತ್ತಿರ ಇಳಿದರೆ ಸಾಕು, ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಜಾಸ್ತಿ ಬರಲು ಶುರು. ಮುಚ್ಚಿದ ಕೋಣೆಯಲ್ಲಿ ಅಷ್ಟಕ್ಕೆ ಎಂಟೊಂಬತ್ತು ನಿಮಿಷ ಬೇಕು, ಅಷ್ಟೇ. ಒಬ್ಬರು ತಲೆಗೆ ನೀರು ಹಾಕಿಕೊಳ್ಳುವ ಹೊತ್ತು ಅದು. ಎಂಟು ಜನ ಒಬ್ಬರ ಹಿಂದೊಬ್ಬರು ಹೋದರೆ ಕೊನೆಯವರ ಪಾಲಿಗೆ ಬರುವುದು ಮೊದಲಿನವರೆಲ್ಲ ಕೆಡಿಸಿದ ಗಾಳಿ.

ಹಳೆಯ ಬಚ್ಚಲಿನಲ್ಲಿ ಇದೇ ಒಲೆ ಇಷ್ಟು ವರ್ಷ ಉರಿಯಿತಲ್ಲ ಎಂದು ಕೇಳಬಹುದು. ಹಂಚಿನ ಮಾಡಿನಲ್ಲಿ ಹಂಚು ಹಂಚಿನ ನಡುವೆ ಸಂದು, ಗೋಡೆಗೂ ಮಾಡಿಗೂ ನಡುವೆ ಗೇಣು ಜಾಗ. ಬಿಸಿ ಗಾಳಿ ಅಲ್ಲಿಂದ ತಾನಾಗಿ ಹೋಗುತ್ತಿತ್ತು, ಬಾಗಿಲಿನ ಅಡಿಯಿಂದ ಹೊಸ ಗಾಳಿ ಬರುತ್ತಿತ್ತು. ಸ್ಲ್ಯಾಬ್ ಹಾಕಿದ ದಿನ ಮೇಲಿನ ಆ ಎರಡು ಸಂದೂ ಮುಚ್ಚಿತು. ಉಳಿದದ್ದು ವೆಂಟಿಲೇಟರ್ ಒಂದು, ಅದಕ್ಕೂ ನೀವು ಪ್ಲಾಸ್ಟಿಕ್ ಕಟ್ಟಿದ್ದೀರಿ. ಉಡುಪಿ ಮಂಗಳೂರು ಕಡೆಯ ಮನೆಗಳಲ್ಲಿ ಮಳೆಗಾಲದ ಈ ಪ್ಲಾಸ್ಟಿಕ್ಕಿನಷ್ಟು ಅಪಾಯದ ವಸ್ತು ಇನ್ನೊಂದಿಲ್ಲ. ಇವತ್ತೇ ಬಿಚ್ಚಿ.

ಫ್ಯಾನ್ ವಿಷಯ. 6 ಇಂಚಿನ ಫ್ಯಾನ್ ಗಂಟೆಗೆ 200 ಘನ ಮೀಟರಿಗಿಂತ ಹೆಚ್ಚು ಗಾಳಿ ಹೊರಗೆ ದೂಡಬಲ್ಲದು. ಆದರೆ ದೂಡಿದಷ್ಟು ಒಳಗೆ ಬರಬೇಕಲ್ಲ? ಎರಡೂ ಬಾಗಿಲು ಹಾಕಿದ್ದರೆ ಅದು ಗಾಳಿಯನ್ನು ಎಲ್ಲಿಂದ ಎಳೆಯುತ್ತದೆ? ಅತಿ ಸುಲಭದ ದಾರಿಯಿಂದ, ಅಂದರೆ ನಿಮ್ಮ ಬಾಯ್ಲರಿನ ಹೊಗೆ ಕೊಳವೆಯಿಂದ. ಹೊಗೆ ಹೊರಗೆ ಹೋಗುವ ಬದಲು ತಿರುಗಿ ಕೋಣೆಗೆ ಬರುತ್ತದೆ. ಉರಿ ಇದ್ದಾಗ ಹೊಗೆಯಿಂದ ಕಣ್ಣು ಉರಿದು ಗೊತ್ತಾಗುತ್ತದೆ. ಉರಿ ಇಳಿದು ಕೆಂಡ ಮಾತ್ರ ಉಳಿದಾಗ ಹೊಗೆ ಇಲ್ಲ, ವಾಸನೆ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಮಾತ್ರ ಧಾರಾಳ. ಗಾಳಿ ಬರುವ ದಾರಿ ಮೊದಲು, ಹೋಗುವ ದಾರಿ ಆಮೇಲೆ. ಫ್ಯಾನ್ ಹಾಕುವುದೇ ಇದ್ದರೆ ಬಚ್ಚಲಿಗೆ ಹಾಕಿ, ಆವಿ ಹೋಗಲಿಕ್ಕೆ. ಒಲೆಕೋಣೆಯ ಬಾಗಿಲು ಮುಚ್ಚಿರಲಿ.

---

ಕೊಡಿಯಾಲ್‌ಪೈಪ್, ಮಂಗಳೂರು

ಗೀಸರ್ ಹೊರಗೆ ಹಾಕುವ ಕ್ರಮ ನಾನು ಹೇಳುತ್ತೇನೆ. ಮಾರ್ಕೆಟಿನಲ್ಲಿ ಸಿಗುವ ಸಣ್ಣ ಗ್ಯಾಸ್ ಗೀಸರಿಗೆ ಹೆಚ್ಚಾಗಿ ಹೊಗೆ ಕೊಳವೆಯೇ ಇರುವುದಿಲ್ಲ, ಉರಿದ ಗಾಳಿ ಮೇಲಿನ ಸೀಳಿನಿಂದ ನೇರ ಕೋಣೆಗೇ. ಅದಕ್ಕೇ ಅದು ಹೊರಗೋಡೆಗೆ ಸೇರಿದ್ದು, ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪ್ ಮಾತ್ರ.

ಯಾವ ಗೋಡೆ? ಮಳೆಗಾಲದ ಗಾಳಿ ನೈಋತ್ಯದಿಂದ ಬಡಿಯುತ್ತದೆ, ಪಡುವಣ ಮತ್ತು ತೆಂಕಣ ಗೋಡೆ ಬೇಡ. ಮೂಡು ಅಥವಾ ಬಡಗು ಗೋಡೆಯಲ್ಲಿ, ಎರಡು ಅಡಿ ಹೊರಚಾಚಿದ ಸಜ್ಜಾದ ಅಡಿಯಲ್ಲಿ ಹಾಕಿ. ಉರಿ ಕಾಣುವ ಕಿಂಡಿ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 5 ಅಡಿ. ಎರಡು ಬದಿಗೆ 6 ಇಂಚು, ಮೇಲೆ ಸಜ್ಜಾಕ್ಕೆ ಕಮ್ಮಿಯೆಂದರೂ ಒಂದೂವರೆ ಅಡಿ, ಎದುರು ಎರಡು ಅಡಿ ಖಾಲಿ. ಗೀಸರಿನ ಕಂಪೆನಿಯ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚು ಹೇಳಿದ್ದರೆ ಅದೇ ಲೆಕ್ಕ. ಗೀಸರಿನ ಮೇಲಿನ ಗಾಳಿಸೀಳಿಗೆ ನೇರವಾಗಿ ಕಿಟಕಿ ಇರಬಾರದು, ಉರಿದ ಗಾಳಿ ಮಲಗುವ ಕೋಣೆಗೆ ಹೋದೀತು. ಮಳೆಗೆ ಅಂಜಿ ಅದಕ್ಕೆ ಪೆಟ್ಟಿಗೆ ಮಾಡಿಸಿ ಬಾಗಿಲು ಹಾಕುವವರು ಇದ್ದಾರೆ. ಹಾಗೆ ಮಾಡಿದರೆ ಹೊರಗಿಟ್ಟೂ ಒಳಗಿಟ್ಟ ಹಾಗೆಯೇ. ಮೇಲೆ ಒಂದು ತಗಡು, ಗಾಳಿ ಬರುವ ಒಂದು ಬದಿಗೆ ಇನ್ನೊಂದು ತಗಡು, ಅಷ್ಟು ಸಾಕು. ಎದುರು ಮತ್ತು ಅಡಿ ತೆರೆದಿರಲಿ.

"ಪೈಪಿನಲ್ಲಿ ಬರುವಾಗ ನೀರು ತಣ್ಣಗಾಗುತ್ತದೆ" ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಇಂಚಿನ ಸಿಪಿವಿಸಿ (ಬಿಸಿನೀರಿಗೆ ಆಗುವ ಪ್ಲಾಸ್ಟಿಕ್) ಪೈಪಿನಲ್ಲಿ ಮೀಟರಿಗೆ ಹಿಡಿಯುವುದು 120 ಮಿ.ಲೀ. ನೀರು. ಗೀಸರಿನಿಂದ ಬಚ್ಚಲಿಗೆ 10 ಮೀಟರ್ ಇದ್ದರೂ ಹೋಗುವುದು ಒಂದೂಕಾಲು ಲೀಟರ್ ತಣ್ಣೀರು, ಹನ್ನೆರಡು ಸೆಕೆಂಡಿನ ಮಾತು. ಪೈಪಿಗೆ ಕಪ್ಪು ರಬ್ಬರ್ ಫೋಮಿನ ಕವಚ ಹಾಕಿ, ಬಿಸಿಲು ಬೀಳುವಲ್ಲಿ ಅದರ ಮೇಲೆ ಟೇಪ್ ಸುತ್ತಿ. ಸಾದಾ ಪಿವಿಸಿ ಬಿಸಿನೀರಿಗೆ ಆಗುವುದಿಲ್ಲ, ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಟ್ಯಾಂಕಿನ ತಳ ಗೀಸರಿಗಿಂತ 3 ಮೀಟರಿನಷ್ಟು ಮೇಲಿದ್ದರೆ ಒತ್ತಡ ಸಿಗುತ್ತದೆ. ಅದಕ್ಕಿಂತ ಕಮ್ಮಿಯಾದರೆ ಹೊತ್ತಿ ಹೊತ್ತಿ ಆರುತ್ತದೆ, ಆಗ ಜನ ಗ್ಯಾಸಿನ ದೋಷ ಎಂದುಕೊಂಡು ರೆಗ್ಯುಲೇಟರ್ ಬದಲಿಸುತ್ತಾರೆ.

ಸಿಲಿಂಡರ್ ಗೀಸರಿನ ನೇರ ಅಡಿಯಲ್ಲಿ ಬೇಡ, ಬದಿಗೆ ಒಂದು ಮೀಟರ್ ದೂರ, ನೆಟ್ಟಗೆ ನಿಲ್ಲಿಸಿ, ನೆಲಮಟ್ಟಕ್ಕಿಂತ ಕೆಳಗಿನ ಗುಂಡಿಯಲ್ಲಿ ಇಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಹತ್ತಿರ ಚರಂಡಿಯ ಬಾಯಿ, ನೆಲಮಟ್ಟದ ಕಿಟಕಿ, ಮೋಟರಿನ ಸ್ವಿಚ್ ಇದ್ದರೆ ಜಾಗ ಬದಲಿಸಿ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್ ಒಂದೂವರೆ ಮೀಟರಿಗಿಂತ ಉದ್ದ ಬೇಡ, ಗೋಡೆಯ ತೂತಿನಲ್ಲಿ ಹಾಯಿಸಬೇಡಿ, 5 ವರ್ಷಕ್ಕೆ ಬದಲಿಸಿ. ಜಾಯಿಂಟಿಗೆ ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದಾ ನೋಡಿ.

ಉಪ್ಪುಗಾಳಿಯ ಊರು ನಮ್ಮದು. ಸಮುದ್ರದ ಹತ್ತಿರ ಬರ್ನರಿನ ತೂತುಗಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಗ್ಯಾಸ್ ಚಿಮ್ಮುವ ಸಣ್ಣ ತೂತಿನ, ಅಂದರೆ ಜೆಟ್ಟಿನ, ಒಳಗೆ ಜೇಡ ಬಲೆ ಕಟ್ಟುತ್ತದೆ. ಉರಿ ನೀಲಿ ಇರಬೇಕು. ಹಳದಿ ನಾಲಗೆ ಕಂಡರೆ, ಮೇಲಿನ ಸೀಳಿನ ಸುತ್ತ ಮಸಿ ಕಂಡರೆ, ಅವತ್ತಿಗೆ ಬಂದ್ ಮಾಡಿ ಬರ್ನರ್ ಮತ್ತು ತಾಮ್ರದ ರೆಕ್ಕೆಗಳನ್ನು ತೊಳೆಸಿ. ಪ್ರತಿ ಸೆಪ್ಟೆಂಬರ್‌ನಲ್ಲಿ, ಮಳೆ ಕಮ್ಮಿಯಾದ ಕೂಡಲೇ ಒಮ್ಮೆ ಬಿಚ್ಚಿ ತೊಳೆಸಿದರೆ ಒಳ್ಳೆಯದು. ಖರೀದಿಸುವಾಗ ಐಎಸ್ 15558 (ಸಣ್ಣ ಗ್ಯಾಸ್ ಗೀಸರಿನ ಭಾರತೀಯ ಮಾನಕ) ಗುರುತು ನೋಡಿ. ಅನೇಕ ಮಾದರಿಗಳಲ್ಲಿ 20 ನಿಮಿಷಕ್ಕೆ ತಾನಾಗಿ ಆರುವ ಟೈಮರ್ ಇರುತ್ತದೆ; ಆರಿದ ಕೂಡಲೇ ನಲ್ಲಿ ತಿರುಗಿಸಿ ಮತ್ತೆ ಹೊತ್ತಿಸಿದರೆ ಅದು ಇದ್ದೂ ಪ್ರಯೋಜನ ಇಲ್ಲ.

---

ಕೆಂಡಸಂಪಿಗೆ, ಕಾರ್ಕಳ

ಕಟ್ಟಿಗೆ ಬಾಯ್ಲರಿನ ಬಗ್ಗೆ ಯಾರೂ ಪೂರ್ತಿ ಬರೆದಿಲ್ಲ, ಆದ್ದರಿಂದ ಉದ್ದವಾದರೂ ಬರೆಯುತ್ತೇನೆ.

ಕೋಣೆಯಲ್ಲಿ ಅತಿ ಕೆಟ್ಟದ್ದು ಪೆಟ್ರೋಲ್. ಕ್ಯಾನಿನ ಮುಚ್ಚಳ ಎಷ್ಟು ಬಿಗಿ ಇದ್ದರೂ ಬಿಸಿಗೆ ಆವಿ ಬರುತ್ತದೆ, ಆವಿ ನೆಲಕ್ಕೆ ಇಳಿದು ಒಲೆಯ ಬಾಯಿಗೇ ಹರಿಯುತ್ತದೆ. ಕ್ಯಾನ್, ಮೆಷಿನ್ನು, ಪೈಂಟ್, ತಿನ್ನರ್ ಎಲ್ಲ ಬೇರೆ ಕೊಟ್ಟಿಗೆಗೆ ಹೋಗಲಿ. ಇನ್ವರ್ಟರ್ ಬ್ಯಾಟರಿ ಇದ್ದರೆ ಅದೂ ಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ.

ಜಾಗದ ಅಳತೆ. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ಕಟ್ಟಿಗೆ ಒಲೆಗೂ ಉರಿಯಬಲ್ಲ ವಸ್ತುವಿಗೂ ನಡುವೆ 36 ಇಂಚು ಕೇಳುತ್ತದೆ. ನಮ್ಮ ಬಾಯ್ಲರಿಗೂ ಅದೇ ಅಳತೆ ಹಿಡಿಯಿರಿ, ಮೂರು ಅಡಿ. ಕೆಂಪುಕಲ್ಲಿನ ಗೋಡೆ ಉರಿಯುವುದಿಲ್ಲ, ಅದಕ್ಕೆ 6 ಇಂಚು ಸಾಕು. ಅದು ಬೆಂಕಿಗಿಂತ ಹೆಚ್ಚಾಗಿ ಕೈ ಹಾಕಿ ಮಸಿ ಒರೆಸಲು ಬೇಕು. ಮರದ ಬಾಗಿಲ ಚೌಕಟ್ಟು ಮೂರು ಅಡಿಯೊಳಗೆ ಬಂದರೆ, ತಗಡಿನ ತಡೆ ಹಾಕಿ: ಮರಕ್ಕೂ ತಗಡಿಗೂ ನಡುವೆ ಒಂದು ಇಂಚು ಸಂದು, ಮೇಲೂ ಅಡಿಯೂ ತೆರೆದು, ಸಂದಿನಲ್ಲಿ ಗಾಳಿ ಏರುವ ಹಾಗೆ. ಹಾಗೆ ಮಾಡಿದರೆ ಒಂದು ಅಡಿಗೆ ಇಳಿಸಬಹುದು. ತಗಡನ್ನು ಮರಕ್ಕೇ ತಾಗಿಸಿ ಮೊಳೆ ಹೊಡೆದರೆ ಬಿಸಿ ನೇರ ಮರಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಬಿಸಿ ತಿಂದ ಮರ ಹೊಸ ಮರಕ್ಕಿಂತ ಕಮ್ಮಿ ಬಿಸಿಗೆ ಹೊತ್ತಿಕೊಳ್ಳುತ್ತದೆ, ಇಷ್ಟು ಕಾಲ ಏನೂ ಆಗಲಿಲ್ಲ ಎಂಬುದು ಧೈರ್ಯಕ್ಕೆ ಕಾರಣ ಅಲ್ಲ.

6 ಅಡಿ ಅಗಲದ ಕೋಣೆಯಲ್ಲಿ ಬಾಯ್ಲರನ್ನು ಒಂದು ಮೂಲೆಗೆ ಇಟ್ಟರೆ ಎದುರಿಗೆ ಮೂರೂವರೆ ಅಡಿ ಸಿಗುತ್ತದೆ. ಅದರ ಆಚೆ ಇರುವಷ್ಟು ಜಾಗದಲ್ಲಿ ಒಂದು ದಿನಕ್ಕೆ ಬೇಕಾದ ಕಟ್ಟಿಗೆ ಮಾತ್ರ ಇಡಿ. ಉಳಿದದ್ದು ಹೊರಗೆ, ಅಡಿಗೆ ನಾಲ್ಕು ಕಲ್ಲು ಇಟ್ಟು, ಮೇಲೆ ತಗಡು ಹೊದಿಸಿ, ಬದಿ ತೆರೆದು. ಬದಿ ಮುಚ್ಚಿದರೆ ಕಟ್ಟಿಗೆ ಒಣಗುವುದಿಲ್ಲ. ಹಸಿ ಸಿಪ್ಪೆ ಹಾಕಿದರೆ ಒಲೆ ಹೊಗೆಯಾಡುತ್ತದೆ, ಕೊಳವೆಯೊಳಗೆ ಅಂಟು ಮಸಿ ಕಟ್ಟುತ್ತದೆ. ಆ ಮಸಿಯೇ ಒಂದು ದಿನ ಗೆರಟೆಯ ಜೋರು ಉರಿಗೆ ಹೊತ್ತಿಕೊಂಡು ಕೊಳವೆ ಕೆಂಪಾಗುತ್ತದೆ. ಗೆರಟೆ ಹಾಕುವುದಾದರೆ ಒಮ್ಮೆಗೆ ಎರಡು ಮೂರು ಹಾಕಿ.

ಬಟ್ಟೆಯ ಹಗ್ಗ ತೆಗೆಯಲೇಬೇಕು. ಆಟಿ ತಿಂಗಳ ಜೋರು ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ ಎಂಬ ಕಷ್ಟ ನಿಜ. ಆದರೆ ಒಣಗಿದ ಪಂಚೆ ಹಗುರವಾಗಿ ಕೊಳವೆಯ ಮೇಲೆ ಜಾರಿದರೆ ನೋಡುವವರು ಯಾರೂ ಅಲ್ಲಿರುವುದಿಲ್ಲ. ಕೊಳವೆಯಿಂದ ಸುತ್ತ 18 ಇಂಚಿನೊಳಗೆ ಬಟ್ಟೆ, ವಯರ್, ಪ್ಲಾಸ್ಟಿಕ್ ಪೈಪ್ ಯಾವುದೂ ಬೇಡ. ಸ್ಲ್ಯಾಬಿನ ಅಡಿಯ ಇಲ್ಲಣವನ್ನು ತಿಂಗಳಿಗೊಮ್ಮೆ ಹೊಡೆಯಿರಿ, ಕಿಡಿಗೆ ಅದೂ ಹತ್ತಿಕೊಳ್ಳುತ್ತದೆ.

ಇನ್ನು ಕೊಳವೆ. ಅಡ್ಡಕ್ಕೆ ಗೋಡೆಯಿಂದ ಹೊರಬಿಟ್ಟ ಕೊಳವೆಗೆ ಎಳೆತ (ಹೊಗೆಯನ್ನು ಮೇಲಕ್ಕೆ ಎಳೆಯುವ ಬಲ) ಇಲ್ಲ, ಪಡುಗಾಳಿ ಬೀಸಿದರೆ ಹೊಗೆ ಒಳಗೇ. ಅದನ್ನು ಹೊರಗೋಡೆಗೆ ತಾಗಿಸಿ ಮೇಲಕ್ಕೆ ಕೊಂಡುಹೋಗಿ: ಸ್ಲ್ಯಾಬ್ ದಾಟಿ 3 ಅಡಿ, ಮತ್ತು 10 ಅಡಿಯೊಳಗೆ ಇರುವ ಟ್ಯಾಂಕ್, ಪ್ಯಾರಾಪೆಟ್, ಮನೆಯ ಮಾಡು ಯಾವುದಿದ್ದರೂ ಅದಕ್ಕಿಂತ 2 ಅಡಿ ಮೇಲೆ. ಅಡ್ಡ ಭಾಗ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು, ಹೊರಗೆ ಹೋಗುವಾಗ ಸ್ವಲ್ಪ ಏರುತ್ತಾ ಹೋಗಲಿ. ತಿರುವು ಎರಡಕ್ಕಿಂತ ಹೆಚ್ಚು ಬೇಡ. ತಿರುವಿನ ಅಡಿಯಲ್ಲಿ ಮುಚ್ಚಳ ಇರುವ ಟೀ (T ಆಕಾರದ ಜೋಡುಕೊಳವೆ) ಹಾಕಿಸಿ, ಮಸಿ ಅಲ್ಲಿಂದ ತೆಗೆಯಬಹುದು. ತುದಿಯ ಟೋಪಿ ಮತ್ತು ಕೊಳವೆಯ ಬಾಯಿ ನಡುವೆ 4 ಇಂಚು ಸಂದು ಇರಲಿ, ಟೋಪಿ ತಗ್ಗಿದ್ದರೆ ಅದೇ ಬಿರಡೆ. ಹಳೆ ಸಿಮೆಂಟ್ ಶೀಟಿನ ಕೊಳವೆ ಜೋರು ಉರಿಗೆ ಸಿಡಿಯುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಉಪ್ಪುಗಾಳಿಗೆ ಬೇಗ ತೂತಾಗುತ್ತದೆ. 304 ದರ್ಜೆಯ ಸ್ಟೀಲ್ ದುಬಾರಿಯಾದರೂ ಅದನ್ನೇ ಹಾಕಿ. ಪಿವಿಸಿ ಪೈಪನ್ನು ಹೊಗೆಗೆ ಯಾವತ್ತೂ ಬಳಸಬೇಡಿ.

ಗಾಳಿಯ ಕಿಂಡಿ ಎರಡು ಬೇಕು, ಎರಡೂ ಹೊರಗೋಡೆಯಲ್ಲಿ. ಒಂದು ನೆಲದಿಂದ ಒಂದು ಅಡಿಯೊಳಗೆ, ಇನ್ನೊಂದು ಸ್ಲ್ಯಾಬಿನಿಂದ ಒಂದು ಅಡಿಯೊಳಗೆ. ಒಂದೊಂದೂ 9 ಇಂಚಿಗೆ 9 ಇಂಚು, ಪೂರ್ತಿ ತೆರೆದ ಅಳತೆ. ಮರದ ಪಟ್ಟಿಯ ಲೂವರ್ ಹಾಕಿದರೆ ಗಾಳಿಗೆ ಸಿಗುವುದು ಕಾಲು ಭಾಗ ಎಂದು ಲೆಕ್ಕ ಹಿಡಿಯಬೇಕು, ಲೋಹದ ಲೂವರ್ ಆದರೆ ಮುಕ್ಕಾಲು ಭಾಗ. ನಿಮ್ಮ ಮೇಲಿನ ವೆಂಟಿಲೇಟರ್ ಒಂದೂವರೆ ಅಡಿಗೆ ಒಂದು ಅಡಿ ಇರುವುದು ಧಾರಾಳ, ಪ್ಲಾಸ್ಟಿಕ್ ಇಲ್ಲದಿದ್ದರೆ. ಕೆಳಗಿನದ್ದು ಹೊಸದಾಗಿ ಒಡೆಯಬೇಕು.

ಎರಡು ಸಣ್ಣ ವಿಷಯ. ಬಾಯ್ಲರಿನ ಮೇಲಿನ ಆವಿ ಪೈಪ್ ಯಾವಾಗಲೂ ತೆರೆದಿರಬೇಕು, ಅದಕ್ಕೆ ವಾಲ್ವ್ ಇಡಬಾರದು, ಮುಚ್ಚಿದರೆ ಬಾಯ್ಲರ್ ಸಿಡಿಯುತ್ತದೆ. ಬೂದಿಯನ್ನು ಪ್ಲಾಸ್ಟಿಕ್ ಬಕೆಟಿಗೆ ತುಂಬಬೇಡಿ. ಮುಚ್ಚಳ ಇರುವ ಕಬ್ಬಿಣದ ಡಬ್ಬಿಯಲ್ಲಿ ಹೊರಗೆ ಎರಡು ಮೂರು ದಿನ ಇಟ್ಟು ಮತ್ತೆ ತೆಂಗಿನ ಬುಡಕ್ಕೆ ಹಾಕಿ.

---

ಗದ್ದೆಬದಿ, ಬ್ರಹ್ಮಾವರ

ಎಲ್ಲರಿಗೂ ತುಂಬಾ ಉಪಕಾರ. ಪ್ಲಾಸ್ಟಿಕ್ ಬಿಚ್ಚಿ ಆಯಿತು, ಪೆಟ್ರೋಲ್ ಹೊರಗೆ ಹೋಯಿತು. ಮೂರು ಸಂಶಯ ಉಳಿದಿದೆ. ಪ್ಲಾಸ್ಟಿಕ್ ಇಲ್ಲದಿದ್ದರೆ ಇರಿಚಲಿಗೆ ಎಂತ ಮಾಡುವುದು? ಸೊಳ್ಳೆ ಬಲೆ ಹಾಕಬಹುದಾ? ಎಳೆತ ಸರಿ ಉಂಟೋ ಇಲ್ಲವೋ ಎಂದು ಮನೆಯಲ್ಲೇ ನೋಡುವ ಉಪಾಯ ಉಂಟಾ?

---

ಹಂಚಿನಮಾಡು, ಉಡುಪಿ

ಇರಿಚಲಿಗೆ: ವೆಂಟಿಲೇಟರಿನ ಹೊರಗೆ ಒಂದು ಅಡಿ ಮುಂಚಾಚಿದ ತಗಡಿನ ಟೋಪಿ, ಎರಡು ಬದಿ ಮುಚ್ಚಿ, ಅಡಿ ತೆರೆದು. ಮಳೆ ಅಡ್ಡ ಬಂದರೂ ಮೇಲಕ್ಕೆ ಹತ್ತುವುದಿಲ್ಲ. ಕೆಳಗಿನ ಕಿಂಡಿಗೆ ಹೊರಕ್ಕೆ ಇಳಿಜಾರು ಕೊಡಿ. ಒಂದೆರಡು ಹನಿ ಬಂದರೂ ಅದು ಒಲೆಕೋಣೆ, ನೆಲ ಒದ್ದೆಯಾದರೆ ತೊಂದರೆ ಇಲ್ಲ.

ಸೊಳ್ಳೆ ಬಲೆ ಬೇಡ. ನೈಲಾನ್ ಬಲೆ ಮೊದಲೇ ಗಾಳಿ ತಡೆಯುತ್ತದೆ, ಮೇಲಿಂದ ಮಸಿ ಮತ್ತು ವಾಷಿಂಗ್ ಮೆಷಿನ್ ಕೋಣೆಯ ನೂಲಿನ ಧೂಳು ಸೇರಿ ಎರಡು ತಿಂಗಳಲ್ಲಿ ಬಟ್ಟೆ ಹಾಗೆ ಆಗುತ್ತದೆ. ಇಲಿ, ಹಾವು ಬಾರದ ಹಾಗೆ ಕಾಲು ಇಂಚಿನ ಕಣ್ಣಿನ ಸ್ಟೀಲ್ ಜಾಲರಿ ಹಾಕಿ, ಕಿಂಡಿಯನ್ನು ಸ್ವಲ್ಪ ದೊಡ್ಡ ಮಾಡಿ. ಸೊಳ್ಳೆ ಬಲೆಯನ್ನು ಅಡುಗೆಮನೆ ಕಡೆಯ ಬಾಗಿಲಿಗೆ ಹಾಕಿ.

ಎಳೆತ ನೋಡುವ ಕ್ರಮ: ಮನೆಯ ಕಿಟಕಿ ಬಾಗಿಲು ಎಲ್ಲ ಹಾಕಿ, ಅಡುಗೆಮನೆಯ ಚಿಮ್ನಿ, ಬಚ್ಚಲಿನ ಫ್ಯಾನ್ ಎರಡೂ ಓಡಿಸಿ. ಒಲೆ ಹೊತ್ತಿಸಿ ಐದು ನಿಮಿಷ ಆದ ಮೇಲೆ ಒಲೆಯ ಬಾಯಿಯ ಮೇಲಂಚಿಗೆ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡರೆ ಸರಿ. ಅಲುಗದೆ ನಿಂತರೆ ಅಥವಾ ನಿಮ್ಮ ಮುಖಕ್ಕೆ ಬಂದರೆ ಕೆಳಗಿನ ಕಿಂಡಿ ಸಾಲದು, ಇಲ್ಲವೇ ಕೊಳವೆ ಕಟ್ಟಿದೆ. ಅಡುಗೆಮನೆಯ ಎಲೆಕ್ಟ್ರಿಕ್ ಚಿಮ್ನಿಯನ್ನು ಮರೆಯಬೇಡಿ, ಅದು ಬಚ್ಚಲಿನ ಫ್ಯಾನಿಗಿಂತ ಎಷ್ಟೋ ಪಟ್ಟು ಬಲವಾಗಿ ಎಳೆಯುತ್ತದೆ. ಗ್ಯಾಸ್ ವಾಸನೆ ಇದ್ದಲ್ಲಿ ಈ ಪರೀಕ್ಷೆ ಮಾಡಲೇಬಾರದು.

---

ಬಿಳಿಕೋಟು, ಮಣಿಪಾಲ

ದೇಹಕ್ಕೆ ಆಗುವುದನ್ನೂ ಇಲ್ಲಿ ಬರೆದಿಡುವುದು ಒಳ್ಳೆಯದು. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಗಾಳಿಯಲ್ಲಿ 400 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ಇದ್ದರೆ ಒಂದೆರಡು ಗಂಟೆಯಲ್ಲಿ ತಲೆನೋವು, 1,600 ಇದ್ದರೆ 20 ನಿಮಿಷದಲ್ಲಿ ತಲೆಸುತ್ತು, ವಾಕರಿಕೆ, ಇನ್ನೂ ಹೊತ್ತು ಅಲ್ಲೇ ಇದ್ದರೆ ಸಾವು. ಕಾಲಿನ ಬಲ ಮೊದಲು ಹೋಗುವುದರಿಂದ ಬಾಗಿಲಿನವರೆಗೂ ಬರಲು ಆಗುವುದಿಲ್ಲ. ಗರ್ಭಿಣಿಯರು, ಮಕ್ಕಳು, ಹೃದಯದ ತೊಂದರೆ ಇರುವವರಿಗೆ ಇನ್ನೂ ಬೇಗ.

ಸ್ನಾನ ಮಾಡಿ ಬಂದಾಗಲೆಲ್ಲ ತಲೆನೋವು, ಅಥವಾ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ವಾಕರಿಕೆ ಬಂದರೆ ಗ್ಯಾಸ್ಟ್ರಿಕ್, ಬಿಪಿ ಎಂದು ಬಿಡಬೇಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ, ಅದು ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ 98 ಎಂದೇ ತೋರಿಸಬಹುದು. ಬಿದ್ದವರನ್ನು ಹೊರಗೆ ಎಳೆಯಿರಿ, ಗೀಸರ್ ಆರಿಸಿ, 108ಕ್ಕೆ ಕರೆ ಮಾಡಿ, ಗ್ಯಾಸ್ ಗೀಸರ್ ಇತ್ತು ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಬರೀ ಗಾಳಿಯಲ್ಲಿ ಆ ವಿಷ ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಬೇಕು, ಆಸ್ಪತ್ರೆಯ ಶುದ್ಧ ಆಮ್ಲಜನಕದಲ್ಲಿ ಒಂದರಿಂದ ಒಂದೂವರೆ ಗಂಟೆ. ಎಚ್ಚರ ಬಂತು ಎಂದು ಮನೆಯಲ್ಲೇ ಮಲಗಿಸಬೇಡಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡುವುದಾದರೆ ಒಲೆಕೋಣೆಗೆ ತಾಗಿದ ಅಡುಗೆಮನೆಯಲ್ಲಿ, ಒಲೆಯಿಂದ ದೂರ, ಮೂಗಿನ ಮಟ್ಟಕ್ಕೆ. ಆವಿ ತುಂಬುವ ಬಚ್ಚಲಿನೊಳಗೆ ಬೇಡ. ಎಲ್‌ಪಿಜಿ ಸೋರಿಕೆಯ ಅಲಾರಂ ಬೇರೆಯೇ, ಅದು ನೆಲದಿಂದ ಒಂದು ಅಡಿ ಎತ್ತರಕ್ಕೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಬಚ್ಚಲಿನ ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದು ಹಾಕಿಸಿ.

---

ಬಾಡಿಗೆಮನೆ, ಕದ್ರಿ

ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ಫ್ಲ್ಯಾಟಿನವರಿಗೆ ಹೊರಗೋಡೆ ಇಲ್ಲ. ಅಟ್ಯಾಚ್ಡ್ ಬಾತ್‌ರೂಮಿನಲ್ಲಿ ಹಿಂದಿನವರು ಬಿಟ್ಟುಹೋದ ಗ್ಯಾಸ್ ಗೀಸರ್ ಉಂಟು. ನಮ್ಮ ಬಿಲ್ಡಿಂಗಿಗೆ ಪೈಪ್ ಗ್ಯಾಸ್ ಬರುತ್ತದಂತೆ. ಅದಕ್ಕೆ ಇದನ್ನೇ ಜೋಡಿಸಬಹುದಾ?

---

ಕೊಡಿಯಾಲ್‌ಪೈಪ್, ಮಂಗಳೂರು

ಜೋಡಿಸಬೇಡಿ. ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ, ಅದರ ಒತ್ತಡ ಬೇರೆ, ಜೆಟ್ ತೂತು ಬೇರೆ. ಎಲ್‌ಪಿಜಿ ಜೆಟ್ಟಿನಲ್ಲಿ ಅದು ಉರಿಯುವುದೇ ಸೊರಗಿ, ಆಮೇಲೆ ಯಾರೋ ತೂತು ದೊಡ್ಡ ಮಾಡುತ್ತಾರೆ, ಮುಂದೆ ಯಾರೋ ಮತ್ತೆ ಸಿಲಿಂಡರ್ ಜೋಡಿಸುತ್ತಾರೆ, ಆಗ ಮಸಿ ಕಾರುವ ಉರಿ. ಎಲ್‌ಪಿಜಿ ನೆಲಕ್ಕೆ ಇಳಿದರೆ ನೈಸರ್ಗಿಕ ಅನಿಲ ಮೇಲಕ್ಕೆ ಏರುತ್ತದೆ, ಹಾಗಾಗಿ ಗಾಳಿಕಿಂಡಿಯ ಲೆಕ್ಕವೂ ಬದಲಾಗುತ್ತದೆ.

ಬಾತ್‌ರೂಮಿನ ಒಳಗಿನ ಆ ಗೀಸರನ್ನು ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಲಿಕ್ಕೂ ಬಳಸಬೇಡಿ. ಗ್ಯಾಸ್ ಲೈನ್ ಬಿಡಿಸಿ ತುದಿಗೆ ಡಮ್ಮಿ (ಮುಚ್ಚುವ ಬಿರಡೆ) ಹಾಕಿಸಿ, ಮಾಲಕರಿಗೆ ತಿಳಿಸಿ. ಬಟ್ಟೆ ಒಗೆಯುವ ಯುಟಿಲಿಟಿ ಬಾಲ್ಕನಿ ಇದ್ದು, ಅದಕ್ಕೆ ಗಾಜು ಹಾಕಿ ಮುಚ್ಚದಿದ್ದರೆ ಅಲ್ಲಿಗೆ ಸ್ಥಳಾಂತರಿಸಬಹುದು. ಗಾಜು ಹಾಕಿದ್ದರೆ ಬಾಲ್ಕನಿಯೂ ಕೋಣೆಯೇ. ಇಲ್ಲದಿದ್ದರೆ 15 ಲೀಟರಿನ 2 ಕಿಲೋವಾಟ್ ಕರೆಂಟ್ ಗೀಸರ್ ಸಾಕು. ನಮ್ಮಲ್ಲಿ ಟ್ಯಾಂಕಿನ ನೀರೇ 27 ಡಿಗ್ರಿಯ ಹತ್ತಿರ ಇರುತ್ತದೆ, ಅದನ್ನು 55ಕ್ಕೆ ಏರಿಸಲು ಹದಿನೈದು ನಿಮಿಷ. ಅದಕ್ಕೆ 16 ಆಂಪಿಯರಿನ ಪ್ಲಗ್, 2.5 ಚದರ ಮಿ.ಮೀ. ಮೇಲ್ಪಟ್ಟ ತಾಮ್ರದ ವಯರ್, ಸರಿಯಾದ ಅರ್ತಿಂಗ್, ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಬೇಕು.

ಗ್ಯಾಸ್ ಲೈನ್ ಬಿಡಿಸುವಾಗ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಫ್ಯಾನ್ ಹಾಕಬೇಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.